ಇತರೆ ಅಂತ ಒಂದು ಗೆರೆ ಇತ್ತು

ಹೋದ ತಿಂಗಳು ನಮ್ಮ ಶಾಲೆಗೆ ಬಿ.ಇಡಿ. ಓದುವ ಹುಡುಗಿಯೊಬ್ಬಳು ಬಂದಿದ್ದಳು. ಪ್ರಾಜೆಕ್ಟ್ ಕೆಲಸ. ಝೆರಾಕ್ಸ್ ಮಾಡಿಸಿದ ಪ್ರಶ್ನಾವಳಿ ತಂದಿದ್ದಳು, ಎರಡು ಹಾಳೆ, ಮೂಲೆಗೊಂದು ಪಿನ್ನು. ಊಟದ ಬಿಡುವಿನಲ್ಲಿ ನಮ್ಮ ಐದೂ ಜನಕ್ಕೆ ಒಂದೊಂದು ಹಂಚಿ ಬಾಗಿಲ ಹತ್ತಿರ ನಿಂತುಕೊಂಡಳು. ಕೂಡು ಅಂದರೂ ಕೂಡಲಿಲ್ಲ. ಹೆಸರು, ವಯಸ್ಸು, ಎಷ್ಟು ವರ್ಷದ ಅನುಭವ ಎಲ್ಲಾ ಸರಸರ ತುಂಬಿದೆ. ಏಳನೇ ಪ್ರಶ್ನೆಗೆ ಪೆನ್ನು ನಿಂತಿತು. ‘ಗ್ರಾಮೀಣ ಭಾಗದಲ್ಲಿ ಶಿಕ್ಷಕ ವೃತ್ತಿ ಆರಿಸಿಕೊಳ್ಳಲು ನಿಮಗೆ ದೊರೆತ ಪ್ರೇರಣೆ ಯಾವುದು?’ ಕೆಳಗೆ ನಾಲ್ಕು ಚೌಕ. ಸೇವಾ ಮನೋಭಾವ. ಉದ್ಯೋಗ ಭದ್ರತೆ. ಕುಟುಂಬದ ಒತ್ತಾಯ. ಇತರೆ. ಇತರೆ ಅನ್ನುವುದರ ಮುಂದೆ ಒಂದು ಗೆರೆ, ಹೆಬ್ಬೆರಳಿನಷ್ಟು ಉದ್ದ.

ನಮ್ಮ ಹೆಡ್ ಮಾಸ್ತರು ಕನ್ನಡಕ ಏರಿಸಿ ಪ್ರಶ್ನೆ ಜೋರಾಗಿ ಓದಿ, "ಎಲ್ಲಾರೂ ಸೇವಾಕ್ಕ ಹಾಕ್ರಿ ಮತ್ತ, ಯಾರರೇ ಪಗಾರ ಅಂತ ಬರದು ಸಾಲಿ ಮರ್ಯಾದಿ ಕಳದೀರಿ" ಅಂದರು. ಎಲ್ಲರೂ ನಕ್ಕೆವು. ನಕ್ಕು ಸೇವಾ ಮನೋಭಾವಕ್ಕೇ ಟಿಕ್ ಹಾಕಿದೆವು. ನಾನೂ ಹಾಕಿದೆ. ಹುಡುಗಿ ಹಾಳೆ ಜೋಡಿಸಿಕೊಂಡು, ಥ್ಯಾಂಕ್ಸ್ ರೀ ಅಕ್ಕೋರೆ ಅಂತ ಹೇಳಿ ಮೂರು ಗಂಟೆ ಬಸ್ಸಿಗೆ ಹೋದಳು.

ಅಷ್ಟೇ ಆದದ್ದು. ಆದರೆ ಆ ಟಿಕ್ಕು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯ ಹಾಗೆ ಕೂತುಬಿಟ್ಟಿದೆ. ಸುಳ್ಳು ಹೇಳಿದೆ ಅಂತ ಅಲ್ಲ, ಸರ್ಕಾರಿ ಫಾರ್ಮಿನಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ದಿನಾ ತುಂಬುತ್ತೇವೆ. ಆ ಹೆಬ್ಬೆರಳುದ್ದದ ಗೆರೆಯಲ್ಲಿ ಖರೆ ಬರೆಯಬೇಕಿದ್ದರೆ ಏನು ಬರೀತಿದ್ದೆ ಅನ್ನುವುದು ತಲೆಯಿಂದ ಹೋಗುತ್ತಿಲ್ಲ. ಅಲ್ಲಿ ಜಾಗ ಸಾಕಾಗುತ್ತಿರಲಿಲ್ಲ, ಇಲ್ಲಿ ಇದೆ. ಅದಕ್ಕೆ ಬರೆಯುತ್ತಿದ್ದೇನೆ.

ಎರಡು ವರ್ಷದ ಬಿ.ಇಡಿ.

ನಾನು ಮಾಸ್ತರಿಕಿಗೆ ಬಂದದ್ದು ಮದುವೆ ಮುಂದೂಡಲಿಕ್ಕೆ. ಹೀಗೆ ಬರೆದರೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡಿ! 2019ರಲ್ಲಿ ಬಿ.ಎಸ್‌ಸಿ. ಮುಗಿದ ವಾರವೇ ಮನೆಗೆ ಸೋದರತ್ತೆ ಬಂದು ಕೂತರು. ಸೋಲಾಪುರದ ಕಡೆಯ ಹುಡುಗ, ಸ್ವಂತ ಟ್ರ್ಯಾಕ್ಟರು, ದ್ರಾಕ್ಷಿ ತೋಟ. ಅಪ್ಪನ ಮುಖ ನೋಡಿದರೆ ಅರ್ಧ ಒಪ್ಪಿಯಾಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಒಂದೇ ಅಸ್ತ್ರ. ಬಿ.ಇಡಿ. ಮಾಡತೇನಿ ಅಂದೆ. ನಮ್ಮ ಕಡೆ ಹುಡುಗಿ ಎಂ.ಎಸ್‌ಸಿ. ಮಾಡತೇನಿ ಅಂದರೆ ಯಾಕ ಅಂತ ಕೇಳುತ್ತಾರೆ, ಬಿ.ಇಡಿ. ಅಂದರೆ ಕೇಳುವುದಿಲ್ಲ. ಮಾಸ್ತರಿಕಿ ಹೆಣ್ಣಿಗೆ ಒಪ್ಪುವ ಕೆಲಸ, ಬೀಗರೂ ಮೆಚ್ಚುತ್ತಾರೆ, ಸಂಜೆ ಐದಕ್ಕೆ ಮನೆಯಲ್ಲಿ ಇರುತ್ತಾಳೆ. ಮೊದಲು ಆ ಕೋರ್ಸು ಒಂದೇ ವರ್ಷದ್ದು. 2015ರಿಂದ ಎರಡು ವರ್ಷ ಮಾಡಿದ್ದರು. ಯಾಕೆ ಮಾಡಿದರೋ, ಅದರಿಂದ ಶಿಕ್ಷಣದ ಗುಣಮಟ್ಟ ಏರಿತೋ ಇಲ್ಲವೋ, ನನಗಂತೂ ಒಂದು ವರ್ಷ ಜಾಸ್ತಿ ಸಿಕ್ಕಿತು. ಸರ್ಕಾರ ನನ್ನ ಸಲುವಾಗಿಯೇ ಮಾಡಿದ ಹಾಗಿತ್ತು.

ಇದನ್ನು ಮನೆಯಲ್ಲಿ ಹಿರಿಯರ ಮುಂದೆ ಹೇಳಿದರೆ ಬೈಯುತ್ತಾರೆ, ಯಾಕಂದರೆ ನಮ್ಮದು ಮಾಸ್ತರ ಮನೆತನ ಅಂತ ಅವರಿಗೆ ಹೆಮ್ಮೆ. ಅಜ್ಜನ ತಮ್ಮ ಮುಲ್ಕಿ ಪಾಸಾಗಿದ್ದರು. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದ ಕಾಲ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ದಾಟಿದವರು ಮಾಸ್ತರ ಆಗಬಹುದಿತ್ತು. ಊರಲ್ಲಿ ಇವತ್ತಿಗೂ ಅವರನ್ನು ‘ತ್ಯಾಗಿ’ ಅಂತ ಹೊಗಳುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅವರನ್ನೇ ಕೇಳಿದ್ದೆ, ಅಜ್ಜಾ ನೀ ಯಾಕ ಮಾಸ್ತರ ಆದಿ ಅಂತ. ಎಲೆ ಅಡಿಕೆ ಮೆಲ್ಲುತ್ತಾ, "ನೇಗಿಲ ಹೊಡಿಯೂದು ತಪ್ಪತಿತ್ತವ್ವ. ಬಿಸಿಲಾಗ ನಿಲ್ಲೂದು ಬ್ಯಾಡಾಗಿತ್ತು" ಅಂದರು. ಆವಾಗ ನನಗೆ ಬೇಜಾರಾಗಿತ್ತು. ಏನೋ ದೊಡ್ಡ ಮಾತು ಬರುತ್ತದೆ ಅಂತ ಕಾದಿದ್ದೆ. ಈಗ ನೋಡಿದರೆ ಆ ಮನುಷ್ಯ ಬಿಸಿಲು ತಪ್ಪಿಸಿಕೊಳ್ಳಲು ಹೋಗಿ ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದ್ದಾರೆ. ಅವರ ಕೈಯಲ್ಲಿ ಕಲಿತವರಿಗೆ ಅವರು ಯಾವ ಕಾರಣಕ್ಕೆ ಬಂದಿದ್ದರು ಅನ್ನುವುದು ಬೇಕಾಗಿರಲಿಲ್ಲ.

ಬಿ.ಇಡಿ. ಅರ್ಧ ಮುಗಿಯುವಷ್ಟರಲ್ಲಿ ಕೊರೊನಾ ಬಂತು. ಉಳಿದದ್ದು ಮೊಬೈಲಿನಲ್ಲಿ, ಮಾಳಿಗೆ ಮೇಲೆ ನೆಟ್‌ವರ್ಕ್ ಹುಡುಕುತ್ತಾ. ದ್ರಾಕ್ಷಿ ತೋಟದ ಹುಡುಗನಿಗೆ ಅಷ್ಟರಲ್ಲಿ ಬೇರೆ ಕಡೆ ಲಗ್ನ ಆಯಿತು. ಹಾಗಾಗಿ ನಾನು ಬಂದ ಕಾರಣ 2021ಕ್ಕೇ ಮುಗಿದು ಹೋಗಿತ್ತು.

ಪಗಾರ

2022ರ ಜೂನಿನಲ್ಲಿ ಅತಿಥಿ ಶಿಕ್ಷಕಿಯಾಗಿ ಒಂದು ತಾಂಡಾದ ಶಾಲೆಗೆ ಹೋದೆ. ತಿಂಗಳಿಗೆ ಹತ್ತು ಸಾವಿರ. ಒಂದರಿಂದ ಐದನೇ ಕ್ಲಾಸು, ಎರಡು ಕೋಣೆ, ಮೂವತ್ತೊಂದು ಮಕ್ಕಳು, ಒಬ್ಬರು ಕಾಯಂ ಗುರುಗಳು, ಅವರ ಜೊತೆ ನಾನು. ಸಣ್ಣ ಕ್ಲಾಸಿಗೆ ಕಲಿಸುವ ತರಬೇತಿ, ಡಿ.ಇಡಿ., ಆದವರು ಯಾರೂ ಅರ್ಜಿ ಹಾಕಿರಲಿಲ್ಲ. ಹಾಗಾಗಿ ಬಿ.ಇಡಿ.ಯವಳಾದ ನನಗೆ ಸಿಕ್ಕಿತು. ಯಾರೂ ಯಾಕೆ ಹಾಕಿರಲಿಲ್ಲ ಅಂತ ಮೊದಲ ಮಳೆಗೆ ತಿಳಿಯಿತು. ಬಸವನ ಬಾಗೇವಾಡಿಯಿಂದ ತಾಳಿಕೋಟೆ ಕಡೆ ಹೋಗುವ ಬಸ್ಸು ಹತ್ತಿ, ಹೂವಿನ ಹಿಪ್ಪರಗಿ ದಾಟಿ, ಒಂದು ಕ್ರಾಸಿಗೆ ಇಳಿದು ಎರಡೂವರೆ ಕಿಲೋಮೀಟರ್ ನಡೀಬೇಕು. ಪೂರ್ತಿ ಎರಿ ಹೊಲದ ದಾರಿ. ಮಳೆ ಬಂದರೆ ಹೆಜ್ಜೆಗೊಂದು ಸೇರು ಮಣ್ಣು ಚಪ್ಪಲಿಗೆ ಅಂಟುತ್ತದೆ, ಕೊನೆಗೆ ಚಪ್ಪಲಿಯೇ ಅಲ್ಲೇ ಉಳಿಯುತ್ತದೆ. ಡೋಣಿ ನಮ್ಮ ಕಡೆಯ ಹೊಳೆ. ಡೋಣಿ ಹರಿದರೆ ಓಣಿಯೆಲ್ಲಾ ಜೋಳ ಅಂತ ಗಾದೆ. ಡೋಣಿ ಹರಿದರೆ ಬಸ್ಸು ಬರಲ್ಲ ಅನ್ನುವುದನ್ನು ಗಾದೆ ಮಾಡಿದವರು ಬಿಟ್ಟಿದ್ದಾರೆ.

ಹತ್ತು ಸಾವಿರದಲ್ಲಿ ಸಾವಿರದೈನೂರು ಬಸ್ಸಿಗೇ ಹೋಗುತ್ತಿತ್ತು. (2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಅತಿಥಿ ಶಿಕ್ಷಕಿಯರಷ್ಟು ಖುಷಿಯಾದವರು ಯಾರೂ ಇರಲಿಲ್ಲ. ಅದನ್ನು ಬೈಯುವವರು ಒಮ್ಮೆ ಈ ಲೆಕ್ಕ ಹಾಕಿ ನೋಡಲಿ.) ಉಳಿದದ್ದಾದರೂ ತಿಂಗಳ ತಿಂಗಳ ಬರುತ್ತಿತ್ತಾ? ಜೂನ್, ಜುಲೈ, ಆಗಸ್ಟ್ ಮೂರರದ್ದೂ ಸೇರಿ ದಸರಾ ಮುಂದೆ ಒಟ್ಟಿಗೆ ಬಂತು. ಅದಕ್ಕೂ ಮೊದಲು ಒಂದು ದಿನ ನಾಲ್ಕು ಜನ ಅತಿಥಿ ಶಿಕ್ಷಕಿಯರು ಸೇರಿ ಒಂದು ಕಚೇರಿಗೆ ಕೇಳಲು ಹೋಗಿದ್ದೆವು. ಅಲ್ಲಿದ್ದ ಸಾಹೇಬರು ಒಳ್ಳೆಯವರೇ, ಚಹಾ ತರಿಸಿದರು. ಆಮೇಲೆ ಸಮಾಧಾನದ ಧ್ವನಿಯಲ್ಲಿ, "ನೋಡ್ರೆವ್ವಾ, ನಿಮ್ಮಂಥಾ ಎಳೇ ಮಂದಿ ಇದನ್ನ ಸೇವಾ ಅಂತ ತಿಳದು ಮಾಡಬೇಕು" ಅಂದರು.

ಆವತ್ತಿನಿಂದ ನನಗೆ ಆ ಪದ ಕಂಡರೆ ಹೆದರಿಕೆ. ಬಾಯಲ್ಲಿ ಸೇವೆ ಅಂದುಬಿಟ್ಟರೆ ಕೈ ಚಾಚುವ ಹಾಗಿಲ್ಲ. ಕರೆಂಟ್ ಕೆಲಸದವನಿಗೆ, ಬ್ಯಾಂಕಿನ ಗುಮಾಸ್ತನಿಗೆ ಯಾರೂ ಹೀಗೆ ಹೇಳುವುದಿಲ್ಲ. ನಾನು ಬಾಗೇವಾಡಿ ಕಡೆಯವಳು, ಬಸವಣ್ಣ ಹುಟ್ಟಿದ ಊರಿನ ಸುತ್ತಲಿನವಳು. ಸೆಪ್ಟೆಂಬರ್ 5 ಬಂತೆಂದರೆ ವೇದಿಕೆ ಮೇಲಿದ್ದವರೆಲ್ಲ ಕಾಯಕ ಕಾಯಕ ಅನ್ನುತ್ತಾರೆ, ಅದೇ ಉಸಿರಲ್ಲಿ ಸೇವೆ ಅನ್ನುತ್ತಾರೆ, ಎರಡೂ ಒಂದೇ ಅನ್ನುವ ಹಾಗೆ. ಒಂದೇ ಅಲ್ಲ. ಶರಣರಲ್ಲಿ ಹಗ್ಗ ಹೊಸೆಯುವವನಿದ್ದ, ಬುಟ್ಟಿ ಹೆಣೆಯುವವನಿದ್ದ. ಅವರು ಹಗ್ಗ ಮಾರಿ, ಬುಟ್ಟಿ ಮಾರಿ, ಬಂದದ್ದರಲ್ಲಿ ಉಂಡು ದಾಸೋಹ ಮಾಡಿದರು. ದುಡಿದದ್ದಕ್ಕೆ ದುಡ್ಡು ಬಂದರೇನೇ ಅಲ್ಲವೇ ದಾಸೋಹ? ಮೂರು ತಿಂಗಳು ತಡವಾಗಿ ಬರುವ ಪಗಾರದಲ್ಲಿ ದಾಸೋಹ ಹೇಗೆ ಮಾಡೋದು, ಬಸ್ಸಿನ ಚಿಲ್ಲರೆಗೇ ತಮ್ಮನ ಮುಂದೆ ನಿಲ್ಲಬೇಕಾಗಿತ್ತು.

ಹಂಗಂತ ಮಕ್ಕಳನ್ನು ಯಾರೂ ಕೇಳುವುದಿಲ್ಲ, ನೀವು ಶಾಲೆಗೆ ಬರಲು ಪ್ರೇರಣೆ ಏನು ಅಂತ. ಕೇಳಿದರೆ ಅವು ಸುಳ್ಳು ಹೇಳಲ್ಲ. ತತ್ತಿ ಅನ್ನುತ್ತವೆ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ನಾನು ಹೋಗುವ ಹೊತ್ತಿಗೆ ತಾಂಡಾದಲ್ಲಿ ತತ್ತಿ ದಿನ ಅಂತಲೇ ಒಂದು ದಿನ ಆಗಿಹೋಗಿತ್ತು. ಆವತ್ತು ಹಾಜರಿ ತುಂಬಿರುತ್ತಿತ್ತು, ಶಾಲೆಗೆ ಸೇರದ ತಮ್ಮಂದಿರೂ ಬಗಲಲ್ಲಿ ಇರುತ್ತಿದ್ದರು. ನಾನೂ ಅದೇ ಸಾಲಿನವಳು. ಬಿಸಿಯೂಟ 2002ರಲ್ಲಿ ಬಿಜಾಪುರಕ್ಕೆ ಬಂದಿತ್ತು, ನಾನು ಒಂದನೇ ಕ್ಲಾಸಿಗೆ ಹೋಗುವಾಗ ಅಕ್ಕ ಹೇಳಿದ್ದು ಒಂದೇ ಮಾತು, ಸಾಲ್ಯಾಗ ಅನ್ನ ಹಾಕ್ತಾರ. ಅನ್ನಕ್ಕೆ ಹೋದವಳು ಅಕ್ಷರ ಕಲಿತೆ. ಯಾರೂ ತಪ್ಪು ತಿಳಿಯಲಿಲ್ಲ.

ಬಾಟಿ

ನಮ್ಮ ಬಿ.ಇಡಿ.ಯಲ್ಲಿ ಹೈಸ್ಕೂಲಿನ ಪಾಠ ಯೋಜನೆ ಬರೆಯುವುದನ್ನು ಕಲಿಸಿದ್ದರು. ತಾಂಡಾದಲ್ಲಿ ನನ್ನ ಕೈಗೆ ಬಂದದ್ದು ನಲಿ-ಕಲಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಗೋಡೆಗೆ ಕಲಿಕಾ ಏಣಿ, ಟ್ರೇ ತುಂಬ ಕಾರ್ಡು. ಮೇಲಿಂದ ಆ ವರ್ಷ ಕೊರೊನಾದಲ್ಲಿ ತಪ್ಪಿದ ಪಾಠ ತುಂಬಿಕೊಡುವ ಕಲಿಕಾ ಚೇತರಿಕೆಯ ಹಾಳೆಗಳ ಹೊರೆ ಬೇರೆ. ಮೊದಲ ತಿಂಗಳು ನನಗೆ ಏನೂ ತಿಳಿಯಲಿಲ್ಲ. ಕಾಯಂ ಗುರುಗಳು ಮೀಟಿಂಗು, ಅಕ್ಕಿ ಲೆಕ್ಕ, ಆನ್‌ಲೈನ್ ಎಂಟ್ರಿ ಅಂತ ವಾರದಲ್ಲಿ ಎರಡು ದಿನ ಇರುತ್ತಿರಲಿಲ್ಲ.

ಒಂದು ದಿನ ಒಂದನೇ ಕ್ಲಾಸಿನ ಹುಡುಗನಿಗೆ ರೊಟ್ಟಿಯ ಚಿತ್ರ ತೋರಿಸಿ ಇದೇನು ಅಂದೆ. "ಬಾಟಿ" ಅಂದ. ಅಲ್ಲ, ಸರಿ ನೋಡು, ಏನಿದು? "ಬಾಟಿ." ಮೂರನೇ ಸಲಕ್ಕೆ ನನ್ನ ದನಿ ಏರಿತು, ಹುಡುಗನ ಕಣ್ಣು ತುಂಬಿತು. ಹಿಂದಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮೂರನೇ ಕ್ಲಾಸು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಜಡೆ, ಬಗಲಲ್ಲಿ ತಂಗಿ. "ಅಕ್ಕೋರೆ, ಅವ ಖರೇನ ಹೇಳಾಕತ್ತಾನ್ರೀ. ನಮ್ಮ ಮಾತಿನ್ಯಾಗ ರೊಟ್ಟಿಗಿ ಬಾಟಿ ಅಂತಾರ್ರೀ." ಎರಡು ತಿಂಗಳಿಂದ ನಾನು ಅರ್ಧ ಕ್ಲಾಸಿಗೆ ತಪ್ಪು ತಪ್ಪು ಅಂತ ಹೇಳುತ್ತಾ ಬಂದಿದ್ದೆ. ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿಗೆ ಕನ್ನಡ ಶಾಲೆಯ ಮಾತು, ನನಗೆ ಇಂಗ್ಲಿಷ್ ಇದ್ದ ಹಾಗೆ. ಆವತ್ತಿನಿಂದ ಆ ಹುಡುಗಿ ನನ್ನ ದುಭಾಷಿಯಾದಳು. ಯಾಡಿ ಅಂದರೆ ಅವ್ವ. ಪಾಣಿ ನೀರು. ನಾನು ತಪ್ಪು ಉಚ್ಚಾರ ಮಾಡಿದರೆ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗುತ್ತಿತ್ತು. ಹಾಗೆ ನಗುವ ದಿನ ಅವರಿಗೆ ಹೇಳಿಕೊಟ್ಟದ್ದು ಬೇಗ ಹತ್ತುತ್ತಿತ್ತು. ನನಗೆ ಬೆಳಿಗ್ಗೆ ಆ ಎರಡೂವರೆ ಕಿಲೋಮೀಟರ್ ನಡೆಯುವಾಗ ಕಾಲು ಹಗುರ ಅನ್ನಿಸಲು ಶುರುವಾದದ್ದು ಅಲ್ಲಿಂದ. ಇದು ಯಾವ ಚೌಕಕ್ಕೆ ಸೇರುತ್ತದೆ ಅಂತ ನನಗೆ ತಿಳಿದಿಲ್ಲ.

ಅದೇ ವರ್ಷ ಪಕ್ಕದ ಊರಿನ ದೊಡ್ಡ ಶಾಲೆಗೆ ಒಬ್ಬ ಹುಡುಗ ಬರುತ್ತಿದ್ದ. ಮೈಸೂರು ಕಡೆಯವನು, ಎಂಜಿನಿಯರಿಂಗ್ ಓದಿದವನು, ಒಂದು ಸಂಸ್ಥೆಯ ಫೆಲೋಶಿಪ್ ಮೇಲೆ. ಟೀಚ್ ಫಾರ್ ಇಂಡಿಯಾದವರು 2009ರಲ್ಲಿ ಮುಂಬೈ, ಪುಣೆಯಲ್ಲಿ ಶುರುಮಾಡಿದಾಗಿನಿಂದ ನಮ್ಮ ದೇಶದಲ್ಲಿ ಈ ಎರಡು ವರ್ಷದ ಮಾಸ್ತರಿಕಿ ಚಾಲ್ತಿಗೆ ಬಂದಿದೆ. ಓದಿದ ಹುಡುಗರು ಎರಡು ವರ್ಷ ಕಲಿಸಿ ಮುಂದೆ ಹೋಗುವುದು. ಇವನು ವಾರಕ್ಕೊಮ್ಮೆ ನಮ್ಮ ತಾಂಡಾಕ್ಕೂ ಬೈಕಿನಲ್ಲಿ ಬರುತ್ತಿದ್ದ. ಜೋಳದ ಕಾಳು ಗುಂಪು ಮಾಡಿಸಿ ಗುಣಾಕಾರ ಕಲಿಸುತ್ತಿದ್ದ, ಖರೆ ಹೇಳಬೇಕೆಂದರೆ ನನಗಿಂತ ಚೆನ್ನಾಗಿ. ಬಂದದ್ದು ಯಾಕೆ ಅಂತ ಒಮ್ಮೆ ಕೇಳಿದೆ. ಇವನಾದರೂ ದೊಡ್ಡ ಮಾತು ಹೇಳುತ್ತಾನೆ ಅಂದುಕೊಂಡಿದ್ದೆ. "ಕಂಪ್ನಿ ಕೆಲ್ಸ ಬೋರಾಗಿತ್ತು. ಮತ್ತೆ ರೆಸ್ಯೂಮೆಲಿ ಚೆನ್ನಾಗ್ ಕಾಣ್ಸುತ್ತೆ ಮೇಡಂ" ಅಂದ, ನಾಚಿಕೆ ಇಲ್ಲದೆ. ಎರಡು ವರ್ಷ ಮುಗಿದು 2023ರ ಮಾರ್ಚಿನಲ್ಲಿ ಹೊರಟ. ನನಗೆ ಸಿಟ್ಟು ಬಂದಿತ್ತು. ಮಕ್ಕಳಿಗೆ ರುಚಿ ಹತ್ತಿಸಿ ಹೋಗುತ್ತಾರೆ, ಇವರಿಗೇನು, ಇಲ್ಲಿ ಉಳಿಯುವವರು ನಾವು ಅಂತ ಅವನ ಮುಂದೆಯೇ ಅಂದಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ, ನನ್ನ ಮೇಲೇ ಬರುತ್ತದೆ.

ಇರ್ತೀರೇನ್ರಿ

2022ರಲ್ಲಿ ಅಕ್ಟೋಬರ್ ಕೊನೆಗೆ ದೀಪಾವಳಿ. ದೀಪಾವಳಿ ಮುಗಿಯಿತೆಂದರೆ ತಾಂಡಾ ಖಾಲಿ. ಕಬ್ಬು ಕಡಿಯಲು ಕೊಲ್ಹಾಪುರ, ಸಾಂಗ್ಲಿ ಕಡೆ ಹೋಗುತ್ತಾರೆ. ಆಳು ಕರೆದೊಯ್ಯುವ ಮುಕಾದಮ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಆ ಕಡೆ ಗಂಡ ಹೆಂಡತಿ ಜೋಡಿಗೆ ಒಂದು ‘ಕೊಯ್ತಾ’ ಅಂತ ಲೆಕ್ಕ, ಕುಡುಗೋಲಿನ ಹೆಸರೇ ಇಬ್ಬರಿಗೂ ಸೇರಿ. ಮಕ್ಕಳು ಲೆಕ್ಕಕ್ಕಿಲ್ಲ, ಆದರೆ ಹೋಗುತ್ತವೆ. ಸಣ್ಣವನ್ನು ನೋಡಿಕೊಳ್ಳಲು ದೊಡ್ಡವು, ದೊಡ್ಡವನ್ನು ಬಿಡಲು ಊರಲ್ಲಿ ಯಾರೂ ಇಲ್ಲ ಅಂತ ಅವು. ಅಜ್ಜಿಯರು ಇದ್ದ ಮನೆಯ ಮಕ್ಕಳು ಮಾತ್ರ ಉಳಿಯುತ್ತವೆ.

ಸೋಮವಾರ ಹಾಜರಿ ಹದಿಮೂರು. ನನ್ನ ದುಭಾಷಿ ಹುಡುಗಿ ಇದ್ದಳು. ಅವರ ಟ್ರ್ಯಾಕ್ಟರು ಮಧ್ಯಾಹ್ನ ಬರುವುದಿತ್ತು. ಸೇವಾಲಾಲರ ಗುಡಿ ಮುಂದೆ ಆಗಲೇ ಗಂಟುಗಳು ಬಿದ್ದಿದ್ದವು. ಜೋಳದ ಚೀಲ, ಕೊಡ, ಹಾಸಿಗೆ ಸುರುಳಿ, ಬುಟ್ಟಿ ಕೆಳಗೆ ಎರಡು ಕೋಳಿ. ಅವಳು ಊಟ ಮಾಡಿ, ತಾಟು ತೊಳೆದಿಟ್ಟು, ತನ್ನ ಅಭ್ಯಾಸ ಪುಸ್ತಕ ತಂದು ನನ್ನ ಟೇಬಲ್ ಮೇಲೆ ಇಟ್ಟಳು. "ಇಟ್ಕೋರಿ ಅಕ್ಕೋರೆ. ಅಲ್ಲಿ ಮಳಿಗಿ ತೊಯ್ತದ." ಹೂಂ ಅಂದೆ. ಹೋಗಲಿಲ್ಲ, ನಿಂತೇ ಇದ್ದಳು. "ಕಬ್ಬು ಮುಗದ ಮ್ಯಾಲ ಬರ್ತೀನ್ರಿ. ನೀವು ಇರ್ತೀರೇನ್ರಿ?"

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ಆ ಮೇ ತಿಂಗಳ 21, 22ರಂದು ಹದಿನೈದು ಸಾವಿರ ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದಿತ್ತು, ನಾನು ಗಣಿತ-ವಿಜ್ಞಾನಕ್ಕೆ ಬರೆದಿದ್ದೆ. ಅದರಲ್ಲಿ ಐದು ಸಾವಿರ ಕಲ್ಯಾಣ ಕರ್ನಾಟಕಕ್ಕೆ. ಭೀಮೆಯ ಆ ದಡದ ಅಫಜಲಪುರಕ್ಕೆ 371ಜೆ, ಅಂದರೆ ಆ ಭಾಗದವರಿಗೆ ಸಂವಿಧಾನ ಕೊಟ್ಟ ವಿಶೇಷ ಮೀಸಲು, ಉಂಟು, ಈ ದಡದ ಇಂಡಿ, ಸಿಂದಗಿಗೆ ಇಲ್ಲ. ಬಡತನಕ್ಕೆ ಹೊಳೆ ದಾಟಲು ಬರುತ್ತದೆ, ಮೀಸಲಿಗೆ ಬರಲ್ಲ. ಇರಲಿ. ಅವಳು ಕೇಳಿದ ದಿನ ಪಟ್ಟಿ ಯಾವಾಗ ಬೇಕಾದರೂ ಬರುವ ಹಾಗಿತ್ತು. ಬಂದರೆ ಸಂಕ್ರಾಂತಿಯೊಳಗೆ ನಾನು ಹೊರಟೆ. ಬರದಿದ್ದರೂ ಅತಿಥಿ ಶಿಕ್ಷಕರನ್ನು ಮಾರ್ಚಿಗೆ ಬಿಡಿಸುತ್ತಾರೆ, ಜೂನಿಗೆ ಮತ್ತೆ ಮೊದಲಿನಿಂದ ಅರ್ಜಿ. ಅವಳದೂ ಸೀಜನ್ನು, ನನ್ನದೂ ಸೀಜನ್ನು. ಅವಳಿಗೆ ಮುಂಗಡವಾದರೂ ಕೊಟ್ಟಿದ್ದರು.

"ಇರ್ತೀನಿ ಬಾ" ಅಂದೆ.

ನವೆಂಬರಿನಲ್ಲಿ ಪಟ್ಟಿ ಬಂತು, ನನ್ನ ಹೆಸರಿತ್ತು. ಮನೆಯಲ್ಲಿ ಹೋಳಿಗೆ ಮಾಡಿದರು. ಆಮೇಲೆ ಆದದ್ದು ಆ ಪರೀಕ್ಷೆ ಬರೆದ ಎಲ್ಲರಿಗೂ ಗೊತ್ತು. ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪ್ರಮಾಣಪತ್ರ ಅಪ್ಪನ ಕಡೆಯಿಂದ ಇರಬೇಕಾ ಗಂಡನ ಕಡೆಯಿಂದ ಇರಬೇಕಾ ಅನ್ನುವ ತಕರಾರು ಹೈಕೋರ್ಟಿಗೆ ಹೋಯಿತು, 2023ರ ಜನವರಿಯಲ್ಲಿ ಪಟ್ಟಿಯೇ ರದ್ದಾಯಿತು. ಬಿ.ಇಡಿ.ಯಲ್ಲಿ ನನ್ನ ರೂಮಿನಲ್ಲಿದ್ದ ಗೆಳತಿಯೂ ಅದೇ ಸುಳಿಯಲ್ಲಿ ಸಿಕ್ಕಳು. ಕೊನೆ ಸೆಮಿಸ್ಟರಿನಲ್ಲಿ ಲಗ್ನವಾಗಿತ್ತು, ಕೊಟ್ಟದ್ದು ಅಪ್ಪನ ಪ್ರಮಾಣಪತ್ರ. ಅವಳಷ್ಟು ಚೆನ್ನಾಗಿ ಭಿನ್ನರಾಶಿ ಕಲಿಸುವವರನ್ನು ನಾನು ನೋಡಿಲ್ಲ. ಅವಳಿಗೆ ಈ ನೌಕರಿ ಯಾಕೆ ಬೇಕಿತ್ತು ಗೊತ್ತಾ? ಬಳೆ ಇಡಿಸಿಕೊಳ್ಳಲಿಕ್ಕೂ ಗಂಡನ ಮುಂದೆ ಕೈ ಚಾಚಬಾರದು ಅಂತ. ಅಪ್ಪನವಳೋ ಗಂಡನವಳೋ ಅಂತ ಕಾಗದ ಕೇಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ, ಆದರೆ ಫಾರ್ಮಿನಲ್ಲಿ ಅದಕ್ಕೂ ಜಾಗ ಇರಲಿಲ್ಲ. ಅವಳ ಹೆಸರು ಒಂದು ಪಟ್ಟಿಯಲ್ಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಈಗಲೂ ಅತಿಥಿ ಶಿಕ್ಷಕಿ.

ನನ್ನ ಪಾಲಿಗೆ ಆ ತಕರಾರಿನಿಂದ ಆದದ್ದು ಇಷ್ಟು. ಮಾರ್ಚ್ ಕೊನೆಯ ವಾರ ಕಬ್ಬು ಮುಗಿಸಿ ಅವಳು ಬಂದಾಗ ನಾನು ತಾಂಡಾದಲ್ಲೇ ಇದ್ದೆ. ಬಾಗಿಲಲ್ಲಿ ನಿಂತು ನೋಡಿದಳು. ಬಣ್ಣ ಕಪ್ಪಾಗಿತ್ತು, ಕೈ ಮೇಲೆ ಕಬ್ಬಿನ ಗರಿ ಕೊಯ್ದ ಗೆರೆಗಳು. "ಅದೀರಿ?" ಅಂದಳು. ಖುಷಿಗಿಂತ ಆಶ್ಚರ್ಯ ಜಾಸ್ತಿ ಇತ್ತು ಆ ಮಾತಲ್ಲಿ. ಇರುವುದಿಲ್ಲ ಅಂತಲೇ ಅಂದುಕೊಂಡಿದ್ದಳು ಅಂತ ನನಗೆ ಆವಾಗ ತಿಳಿಯಿತು. ನಾನು ಮಾತು ಉಳಿಸಿಕೊಂಡಿದ್ದೆ, ಹೈಕೋರ್ಟಿನ ದಯೆಯಿಂದ.

ಪುಸ್ತಕ ತೆಗೆದುಕೊಟ್ಟೆ. ನಲಿ-ಕಲಿಯ ಬಗ್ಗೆ ಏನೇ ಬೈದರೂ ಅದರದೊಂದು ಗುಣ ಇದೆ, ಮಗು ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಅಲ್ಲಿಂದಲೇ ಹತ್ತಬಹುದು. ಐದು ತಿಂಗಳು ಆ ಮೆಟ್ಟಿಲು ಕಾದಿತ್ತು. ಒತ್ತಕ್ಷರ ಅರ್ಧ ಮರೆತಿದ್ದಳು. ಲೆಕ್ಕ ಮರೆತಿರಲಿಲ್ಲ, ಬದಲಿಗೆ ಮುಂದೆ ಹೋಗಿದ್ದಳು. ಅವ್ವ ಅಪ್ಪ ಕಟ್ಟಿದ ಮೋಳಿ, ಅಂದರೆ ಕಬ್ಬಿನ ಹೊರೆ, ಎಷ್ಟು ಅಂತ ಎಣಿಸುವುದು ಅಲ್ಲಿ ಅವಳ ಕೆಲಸವಾಗಿತ್ತಂತೆ. ಕಣ್ಣು ಮುಚ್ಚಿ "ವೀಸ, ತೀಸ, ಚಾಳೀಸ" ಅಂತ ಮರಾಠಿಯಲ್ಲಿ ಎಣಿಸಿ ಉತ್ತರ ಕನ್ನಡದಲ್ಲಿ ಹೇಳುತ್ತಿದ್ದಳು. ಜೂನಿನಲ್ಲಿ ನಾಲ್ಕನೇ ಕ್ಲಾಸು. ಅಲ್ಲಿ ಏಣಿ ಇಲ್ಲ, ಪಠ್ಯಪುಸ್ತಕ. ಅದು ಯಾರಿಗೂ ಕಾಯುವುದಿಲ್ಲ.

ಆ ಅಕ್ಟೋಬರಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠದ ತೀರ್ಪು ಬಂದು ನೇಮಕಾತಿಗೆ ದಾರಿಯಾಯಿತು. ನನಗೆ ಆದೇಶ ಬಂತು. ಕೌನ್ಸೆಲಿಂಗಿನಲ್ಲಿ ಪರದೆ ಮೇಲೆ ಖಾಲಿ ಶಾಲೆಗಳ ಪಟ್ಟಿ ಬಿಟ್ಟಿದ್ದರು. ತಾಂಡಾದ ಶಾಲೆ ಅದರಲ್ಲಿ ಇರುವುದು ಸಾಧ್ಯವೇ ಇರಲಿಲ್ಲ, ಐದನೇ ಕ್ಲಾಸಿನತನಕದ ಶಾಲೆಗೆ ನಮ್ಮ ಹುದ್ದೆ ಇಲ್ಲ, ನಮ್ಮದು ಆರರಿಂದ ಎಂಟು. ಇದನ್ನೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಆದರೆ ಇದ್ದಿದ್ದರೆ ಆರಿಸಿಕೊಳ್ಳುತ್ತಿದ್ದೆನಾ? ನಾನು ಶಾಲೆ ಆರಿಸಿದ್ದು ಬಸ್ಸು ನೋಡಿ. ಡಾಂಬರು ರಸ್ತೆ, ಶಾಲೆಯ ಮುಂದೆಯೇ ಸ್ಟಾಪು, ಅವ್ವನ ಮೊಣಕಾಲು ನೋವಿಗೆ ದಿನಾ ಮನೆಗೆ ಬರಬಹುದಾದ ದೂರ. ಪಗಾರ ಮೂರು ಪಟ್ಟಿಗಿಂತ ಜಾಸ್ತಿ. ಮೈಸೂರಿನ ಹುಡುಗನಿಗೆ ಅಂದ ಮಾತು ನೆನಪಾಯಿತು. ಅವನು ಎರಡು ವರ್ಷ ಅಂತ ಮೊದಲೇ ಹೇಳಿ ಬಂದಿದ್ದ. ನಾನು ಇರ್ತೀನಿ ಬಾ ಅಂದು, ಶಾಲೆಗೆ ಬಂದ ಒಂದೂವರೆ ವರ್ಷಕ್ಕೆ ಹೊರಟೆ.

ಅವಳಿಗೆ ಹೇಳಲಿಲ್ಲ. ಹೇಳುವ ಪ್ರಸಂಗ ಬರಲಿಲ್ಲ. ಆ ಸಲ ದೀಪಾವಳಿ ನವೆಂಬರ್ ಮಧ್ಯಕ್ಕೆ ಬಂದಿತ್ತು, ನಾನು ರಜೆ ಮುಗಿಸಿ ಲೆಕ್ಕಪತ್ರ ಒಪ್ಪಿಸಲು ಹೋಗುವಷ್ಟರಲ್ಲಿ ಅವರ ಟ್ರ್ಯಾಕ್ಟರು ಹೋಗಿಯಾಗಿತ್ತು. ಟೇಬಲ್ ಮೇಲೆ ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ಇತ್ತು, ತೊಯ್ಯಬಾರದು ಅಂತ ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿದ್ದಳು. ಅದನ್ನು ಕಪಾಟಿನಲ್ಲಿಟ್ಟು, ಮುಂದೆ ಬರುವ ಅತಿಥಿ ಶಿಕ್ಷಕಿಗೆ ಕೊಡಿ ಅಂತ ಗುರುಗಳಿಗೆ ಹೇಳಿ ಬಂದೆ. ಎದುರಿಗೆ ಇದ್ದಿದ್ದರೆ ಏನು ಹೇಳುತ್ತಿದ್ದೆನೋ. ಪೇಚು ತಪ್ಪಿತು ಅನ್ನಿಸಿದ್ದು ಖರೆ. ಅದನ್ನೂ ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಬರೆದ ಮೇಲೆ ಇದೊಂದು ಯಾಕೆ ಮುಚ್ಚಿಡಲಿ.

ಈಗಿನ ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳುತ್ತೇನೆ. ಒಂದನೇ ಕ್ಲಾಸಿಗೆ ಹೊಸದಾಗಿ ಸೇರುವ ತಾಂಡಾದ ಮಕ್ಕಳಿದ್ದರೆ ಆ ಟೀಚರ್ ನನ್ನನ್ನು ಕರೆಯುತ್ತಾರೆ. ಹತ್ತು ಹದಿನೈದು ಶಬ್ದ ಬರುತ್ತವೆ, ಉಚ್ಚಾರ ಇವತ್ತಿಗೂ ತಪ್ಪು, ಮಕ್ಕಳು ನಗುತ್ತವೆ.

ನಿನ್ನೆ ಆ ಬಿ.ಇಡಿ. ಹುಡುಗಿ ಮತ್ತೆ ಬಂದಿದ್ದಳು, ಹೆಡ್ ಮಾಸ್ತರ ಸಹಿ ಒಂದು ಬಿಟ್ಟುಹೋಗಿತ್ತಂತೆ. ಬಸ್ಸಿಗೆ ಹೊತ್ತಿತ್ತು, ಸ್ಟಾಪಿನ ಬೇವಿನ ಗಿಡದ ಕೆಳಗೆ ಇಬ್ಬರೂ ಕೂತೆವು. ಎಷ್ಟು ಶಾಲೆ ಆಯಿತು ಅಂದೆ. ಎಂಟು ಅಂದಳು. ಏಳನೇ ಪ್ರಶ್ನೆಗೆ ಇತರೆ ಎಷ್ಟು ಬಂದವು? "ಒಂದೂ ಇಲ್ರೀ ಅಕ್ಕೋರೆ. ಎಲ್ಲಾ ಸೇವಾನ." ನೀನು ಯಾಕ ಬಿ.ಇಡಿ. ಸೇರಿದಿ ಅಂತ ಕೇಳಿದೆ. ಬಾಯಿಪಾಠದ ಉತ್ತರಕ್ಕೆ ಬಾಯಿ ತೆರೆದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, "ಮನ್ಯಾಗ ಎಂಟು ಮಂದಿ ಅದೀವ್ರಿ. ಓದಾಕ ಜಾಗಾ ಇಲ್ಲ. ಹಾಸ್ಟೆಲ್ಲಿನ್ಯಾಗ ನನಗೊಂದು ಟೇಬಲ್ ಕೊಟ್ಟಾರ್ರಿ" ಅಂದಳು.

ಹಂಗಾದರ ಇದನ್ನ ಬರಕೋ, ಒಂದರೇ ಇತರೆ ಬರಲಿ ಅಂದೆ.

"ಬ್ಯಾಡ್ರೀ" ಅಂದಳು ನಗುತ್ತಾ, "ನಮ್ಮ ಗೈಡು ಒಪ್ಪಂಗಿಲ್ಲ." ಬಸ್ಸು ಬಂತು. ಆಧಾರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡು ಹತ್ತಿದಳು.